ಹವಳಕ್ಕೆ ತಾಮ್ರದ ನೀರು

ರಾತ್ರಿ ನೆನೆಸಿಟ್ಟ ಅವರೆಕಾಳನ್ನು ಹಿಸುಕುತ್ತಾ ಅಡುಗೆಮನೆ ಹೊಸ್ತಿಲ ಪಕ್ಕ ಕೂತಿದ್ದೆ. ಬುಟ್ಟಿ ತುಂಬ ಕಾಯಿ ಸುಲಿದರೆ ಬಟ್ಟಲು ತುಂಬ ಬೇಳೆ ಸಿಗುವ ಕೆಲಸ ಇದು. ಒಲೆಯ ಮೇಲೆ ತೊಗರಿಬೇಳೆಗೆ ಕುಕ್ಕರ್ ಇಟ್ಟಾಗಿತ್ತು. ಬೆರಳಿಗೆಲ್ಲ ಸೊಗಡು ಹತ್ತಿತ್ತು. ಆಗ ನಮ್ಮವರು ಮಹಡಿ ಮೆಟ್ಟಿಲು ಇಳಿದು ಬಂದು, ಯಾರಿಗೋ ಜ್ವರ ಬಂದಿದೆ ಅನ್ನುವ ದನಿಯಲ್ಲಿ ಹೇಳಿದರು.

"ಅಣ್ಣನ ಮನೆ ಮೀನಿನ ತೊಟ್ಟೀಲಿ ಸೀಗಡಿ ಎರಡೂ ಹೋದವಂತೆ ಕಣೇ. ಹವಳ ಎಲ್ಲ ಮುದುಡ್ಕೊಂಡಿದೆ. ಅತ್ತಿಗೆ ಬೆಳಗಿಂದ ಅದರ ಮುಂದೇನೇ ಕೂತಿದಾರೆ."

"ಮೀನು?" ಅಂದೆ.

"ಮೀನಿಗೇನಾಗಿಲ್ಲ. ಓಡಾಡ್ಕೊಂಡಿವೆ."

ನನ್ನ ಕೈ ನಿಂತಿತು. ಸೀಗಡಿ ಸತ್ತು, ಹವಳ ಮುದುಡಿ, ಮೀನು ಮಾತ್ರ ಚೆನ್ನಾಗಿದ್ದರೆ ಏನಾಗಿರುತ್ತೆ ಅಂತ ಈ ಒಂಟಿಕೊಪ್ಪಲಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಾರರು. ಸುಳ್ಳು ಯಾಕೆ ಹೇಳಲಿ, ಮೊದಲು ಆದದ್ದು ಸಂತೋಷ. ಆಮೇಲೆ ಹೆದರಿಕೆ. ಯಾಕೆಂದರೆ ಇದನ್ನು ಬೇಡಿಕೊಂಡವಳು ನಾನೇ.

ಅದು ಮೂರು ವರ್ಷದ ಹಿಂದಿನ ಮಾತು. ಆ ವರ್ಷದ ಬೇಸಿಗೆಯಲ್ಲಿ ನನಗೆ ದವಡೆ ಹಲ್ಲು ನೋವು ಬಂತು. ಹಲ್ಲುನೋವನ್ನು ದೇವರ ದಯೆ ಅಂದವಳು ನಾನೊಬ್ಬಳೇ ಇರಬೇಕು. ಹಲ್ಲಿನ ಡಾಕ್ಟರ ಬಳಿ ನಾಲ್ಕು ಸಲ ಹೋಗಬೇಕಾಯಿತು, ನಾಲ್ಕೂ ಸಲ ಒಂದೊಂದು ಗಂಟೆ ಕಾಯಿಸಿದರು. ಕಾಯುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ. ಮನೆಗಳಲ್ಲಿ ಇಡುತ್ತಾರಲ್ಲ ಆ ಥರದ್ದಲ್ಲ, ಸಮುದ್ರದ ಉಪ್ಪು ನೀರಿನದು. ಕಲ್ಲಿನ ಮೇಲೆ ಹವಳ ಹೂವಿನ ಹಾಗೆ ಅರಳಿಕೊಂಡು ತೂಗುತ್ತಿತ್ತು. ಕಿತ್ತಳೆ ಬಣ್ಣದ ಎರಡು ಮೀನು, ಮೈಮೇಲೆ ಮೂರು ಬಿಳಿ ಪಟ್ಟೆ, ಯಾರೋ ವಿಭೂತಿ ಬಳಿದು ಕಳಿಸಿದ ಹಾಗೆ. ದವಡೆ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದೆ. ನಾಲ್ಕನೆಯ ಸಲ ಹೋದಾಗ ಡಾಕ್ಟರು ಆ ಜಾಗ ಬಿಟ್ಟು ಬೇರೆ ಕಡೆ ಹೋಗುವವರಿದ್ದರು. ಮೀನು, ಹವಳವನ್ನೆಲ್ಲ ಅವರ ಸ್ನೇಹಿತರೊಬ್ಬರು ಒಯ್ದಿದ್ದರು. ತೊಟ್ಟಿ ಖಾಲಿ ನಿಂತಿತ್ತು. "ಬೇಕಾ ಅಮ್ಮ?" ಅಂದರು. ಬಾಯಿ ಮರಗಟ್ಟಿತ್ತು, ತಲೆ ಆಡಿಸಿದೆ.

ಯಾಕೆ ಬೇಕಿತ್ತು ಅಂದರೆ ಅದಕ್ಕಿಂತ ಹಿಂದಿನದ್ದು ಹೇಳಬೇಕು. ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ನಾವಿಬ್ಬರು. ಮೇಲೆ ನಮ್ಮ ಭಾವನವರು ಮತ್ತು ನನ್ನ ಓರಗಿತ್ತಿ ಸರೋಜಕ್ಕ. ಮದುವೆಯಾದ ಮೊದಲ ಆರು ವರ್ಷದಲ್ಲಿ ನನಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತು. ಆಮೇಲೆ ನಿಲ್ಲಲಿಲ್ಲ. ಅದರ ನಂತರದ ಒಂದು ಗೌರಿ ಹಬ್ಬದಲ್ಲಿ ಬಾಗಿನ ಕೊಡಲು ಬಂದ ಹೆಂಗಸೊಬ್ಬರು ಕರಿಬೇವಿನ ಸಸಿ ತಂದಿದ್ದರು, ನನ್ನ ಕಡೆ ಚಾಚಿದರು. ಸರೋಜಕ್ಕ ನಡುವೆ ಕೈ ಹಾಕಿ ಅದನ್ನು ತಾವೇ ಇಸಿದುಕೊಂಡು ಅಂದರು, "ಅವಳಿಗೆ ಕೊಡಬೇಡಿ. ಅವಳ ಕೈಲಿ ಏನೂ ಉಳಿಯಲ್ಲ."

ಕರಿಬೇವಿನ ವಿಷಯಕ್ಕೇ ಅಂದಿದ್ದು. ಆದರೆ ಅಲ್ಲಿದ್ದ ಎಂಟು ಹೆಂಗಸರಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ. ಅದರಿಂದಲೇ ಗೊತ್ತಾಯಿತು ಎಲ್ಲರಿಗೂ ಅರ್ಥವಾಯಿತೆಂದು. ನಾನು ಒಳಗೆ ಹೋಗಿ ಕೋಸಂಬರಿಗೆ ಒಗ್ಗರಣೆ ಹಾಕಿದೆ. ಆ ಕರಿಬೇವು ಈಗ ಮಹಡಿಯ ಬಾಲ್ಕನಿಯಲ್ಲಿ ದೊಡ್ಡ ಕುಂಡದಲ್ಲಿ ಬೆಳೆದಿದೆ. ನಾನು ಕರಿಬೇವನ್ನು ಮಾರ್ಕೆಟ್ಟಿನಿಂದಲೇ ತರುತ್ತೇನೆ.

ಇನ್ನೊಂದು ವಿಷಯ. ದಸರೆಯಲ್ಲಿ ಬೊಂಬೆ ಕೂರಿಸುವ ಹಕ್ಕು ಹಿರಿ ಸೊಸೆಯದು. ಪಟ್ಟದ ಬೊಂಬೆ ಮೇಲೆಯೇ ಇರುತ್ತೆ, ಒಂಬತ್ತು ದಿನ ಬೀದಿಯ ಹೆಂಗಸರೆಲ್ಲ ಮೇಲಕ್ಕೇ ಹೋಗುತ್ತಾರೆ. ಹೋಗಬೇಕಾದರೆ ನಮ್ಮ ಹಾಲಿನ ಬಾಗಿಲ ಮುಂದೆ ಹಾದು ಹೋಗಬೇಕು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗ ನಾನು ಯೋಚಿಸಿದ್ದು ಇಷ್ಟೆ: ಈ ನವರಾತ್ರಿಗೆ ನನ್ನ ಬಾಗಿಲು ತೆರೆದಿರುತ್ತೆ, ಒಳಗೆ ಸಮುದ್ರ ಅರಳಿರುತ್ತೆ, ಹಾದು ಹೋಗುವವರೆಲ್ಲ ನನ್ನ ಕೈಲಿ ಉಳಿದದ್ದನ್ನು ನೋಡಿಯೇ ಮೇಲೆ ಹತ್ತಬೇಕು.

ಡಾಕ್ಟರೇ ರಾಜೀವನಗರದ ಸಲೀಂ ಭಾಯಿಯ ಅಂಗಡಿ ಹೇಳಿದರು. ಅರವತ್ತು ದಾಟಿದ ಮನುಷ್ಯ, ಗಾಜಿನ ಪೆಟ್ಟಿಗೆಗಳ ನಡುವೆ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ತಲೆ ಕೆರೆದುಕೊಂಡರು.

"ಅಮ್ಮಾ, ಸಿಹಿನೀರಿನ ಮೀನು ಸಾಕಿದೀರಾ?"

"ಇಲ್ಲ."

"ನೇರ ಸಮುದ್ರಕ್ಕೇ ಬಂದ್ಬುಟ್ರಿ. ಆಗಲಿ. ಇದಕ್ಕೆ ಬೇಕಾಗಿರೋದು ಎರಡೇ. ಒಳ್ಳೆ ನೀರು, ಸಬ್ರು, ಅಂದ್ರೆ ತಾಳ್ಮೆ. ನೀರು ನಾನು ಹೇಳ್ಕೊಡ್ತೀನಿ. ಸಬ್ರು ನಿಮ್ಹತ್ರ ಇದ್ಯಾ?"

"ಹದಿನೆಂಟು ವರ್ಷದಿಂದ ಇದೆ," ಅಂದೆ. ಅದು ಮದುವೆಯಾದ ಲೆಕ್ಕ ಅಂತ ಅವರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು.

ಮೇ ತಿಂಗಳ ಕೊನೆಗೆ ಕೆಲಸ ಶುರುವಾಯಿತು. ಅಡುಗೆಮನೆಯ ಫಿಲ್ಟರಿನ ನೀರು ಹಿಡಿದು, ಅದಕ್ಕೆಂದೇ ಸಿಗುವ ಸಮುದ್ರದ ಉಪ್ಪಿನ ಪುಡಿ ಕರಗಿಸಿ, ಕಣ್ಣಿಗೆ ಹಿಡಿದು ನೋಡುವ ಒಂದು ಕೊಳವೆಯಲ್ಲಿ ಉಪ್ಪು ಎಷ್ಟಿದೆ ಅಂತ ಅಳೆಯಬೇಕು. ಸಾರಿಗೆ ಉಪ್ಪು ಹಾಕಿ ಹಾಕಿ ಪಳಗಿದ ಕೈ, ಎರಡೇ ದಿನಕ್ಕೆ ಹದ ಸಿಕ್ಕಿತು. ತಳಕ್ಕೆ ಮರಳು, ಮೇಲೆ ತೂತು ತೂತಾದ ಸಮುದ್ರದ ಕಲ್ಲು, ನೀರು ಅಲೆಯಾಡಿಸುವ ಮೋಟಾರು. ಆಮೇಲೆ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ಟಬೇಕಂತೆ. ಅವು ಹುಟ್ಟಿ ನೀರಿನ ಕೊಳೆ ತಿನ್ನುವ ತನಕ ಮೀನು ಬಿಡುವ ಹಾಗಿಲ್ಲ.

"ಒಂದು ಸೀಗಡಿ ಒಳಗೆ ಹಾಕಿ ಕೊಳೆಯೋಕೆ ಬಿಡಿ, ಬೇಗ ಹುಟ್ತವೆ," ಅಂದರು ಸಲೀಂ ಭಾಯಿ.

"ನಮ್ಮನೇಲಿ ವಾರಕ್ಕೆ ಮೂರು ದಿನ ಈರುಳ್ಳೀನೇ ತರಲ್ಲ ಭಾಯಿ. ಸೀಗಡಿ ಕೊಳೆಸೋದೆಲ್ಲಿ ಬಂತು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಅದೇ ಕೆಲಸ ಮಾಡುವ ಒಂದು ಬಾಟಲಿ ದ್ರಾವಣ ಕೊಟ್ಟರು. "ಹಾಗಾದ್ರೆ ನಿಧಾನ ಆಗುತ್ತೆ. ಐದು ವಾರ ಬರೀ ಕಲ್ಲು ನೋಡ್ಕೊಂಡು ಕೂರಬೇಕು. ಯಾರ ಕೈಲೂ ಆಗಲ್ಲ. ಹತ್ತನೇ ದಿನಕ್ಕೇ ಬಂದು ಮೀನು ಕೊಡಿ ಅಂತಾರೆ, ಒಯ್ದು ಸಾಯಿಸ್ತಾರೆ."

ನಾನು ಲೆಕ್ಕ ಹಾಕಿ ನೋಡಿದೆ. "ನನಗೆ ತೊಂದರೆ ಇಲ್ಲ. ನಡುವೆ ಆಷಾಢ ಬರುತ್ತೆ. ಆಷಾಢದಲ್ಲಿ ಹೊಸ ಜೀವ ಮನೆಗೆ ತರಲ್ಲ ನಾವು. ಶ್ರಾವಣದ ಮೊದಲ ಶುಕ್ರವಾರ ಬರ್ತೀನಿ."

ಸಲೀಂ ಭಾಯಿ ಸ್ಟೂಲಿನಿಂದ ಎದ್ದೇ ನಿಂತರು. "ಅಮ್ಮಾ, ನಿಮ್ಮ ಪಂಚಾಂಗ ಮಾಡಿದವರು ಖಂಡಿತ ಮೀನು ಸಾಕಿದ್ರು."

ಆ ಆಷಾಢ ನನಗೆ ಚೆನ್ನಾಗಿ ನೆನಪಿದೆ. ಗಾಳಿ ಬೀಸಿ ಬೀಸಿ ಕಿಟಕಿ ಬಡಿಯುತ್ತಿತ್ತು, ತುಂತುರು ಹನಿ ನಿಲ್ಲುತ್ತಿರಲಿಲ್ಲ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಹೋದಾಗಲೆಲ್ಲ ಬ್ಯಾಟರಿಯ ಪುಟ್ಟ ಪಂಪು ಹಾಕಿ ನೀರಿಗೆ ಗಾಳಿ ಕೊಡುತ್ತಿದ್ದೆ, ಒಳಗೆ ಉಸಿರಾಡುವವರು ಯಾರೂ ಇಲ್ಲದಿದ್ದರೂ. ಕಲ್ಲಿನ ಮೇಲೆ ಕಂದು ಪಾಚಿ ಬಂತು, ಹೋಯಿತು, ಹಸಿರು ಬಂತು. ಸರೋಜಕ್ಕ ಒಂದು ಸಲ ಮೆಟ್ಟಿಲ ಮೇಲಿಂದಲೇ ಬಗ್ಗಿ ನೋಡಿದರು. "ಏನೇ ಪದ್ದು, ಕಲ್ಲು ಸಾಕ್ತಿದೀಯಾ? ಒಳ್ಳೇದು ಬಿಡು. ಕಲ್ಲು ಸಾಯಲ್ಲ."

ನಾನು ಗಾಜು ಒರೆಸಿದೆ.

ಶ್ರಾವಣದ ಮೊದಲ ಶುಕ್ರವಾರ ಎರಡು ವಿಭೂತಿ ಮೀನು ಬಂದವು. ಎರಡು ವಾರ ಬಿಟ್ಟು ಬಸವನಹುಳು ನಾಲ್ಕು, ಮೈಮೇಲೆ ಕೆಂಪು ಗೆರೆಯ ಸೀಗಡಿ ಎರಡು. ಶ್ರಾವಣ ಮುಗಿಯುವಾಗ ಹವಳ. ನಾನು ಹವಳದ ಗಿಡ ಅನ್ನುತ್ತಿದ್ದೆ, ಸಲೀಂ ಭಾಯಿ ಪ್ರತಿ ಸಲ ತಿದ್ದುತ್ತಿದ್ದರು. "ಗಿಡ ಅಲ್ಲಮ್ಮ, ಪ್ರಾಣಿ. ಜೀವ ಇದೆ, ಬಾಯಿ ಇದೆ." ಒಂದು ಅಂಗೈಯಂತೆ ಬೆರಳಾಡಿಸುತ್ತಿತ್ತು. ಒಂದು ಗುಂಡಿ ಹೊಲಿದಂಥ ಹಸಿರು ಹೂಗಳ ಗೊಂಚಲು. ಇನ್ನೊಂದು ನೇರಳೆ ಬಣ್ಣದ ಅಣಬೆಯ ಹಾಗೆ ಕಲ್ಲಿಗೆ ಅಂಟಿಕೊಂಡಿರುತ್ತಿತ್ತು. ಬೆಳಿಗ್ಗೆ ದೀಪ ಹಚ್ಚಿ ಬಂದು ತೊಟ್ಟಿಯ ಲೈಟು ಹಾಕಿದರೆ ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ನಾನು ಅದನ್ನು ಯಾರಿಗೂ ಹೇಳಿಲ್ಲ, ಆ ಅರ್ಧ ಗಂಟೆ ಕಾಫಿಯನ್ನೂ ಕುಡಿಯುತ್ತಿರಲಿಲ್ಲ.

ದಿನಾ ಮಾಡುವ ಕೆಲಸ ಒಂದಿತ್ತು. ನೀರು ಆವಿಯಾಗಿ ಹೋಗುತ್ತೆ, ಉಪ್ಪು ಹೋಗುವುದಿಲ್ಲ. ಹಾಗಾಗಿ ಗಾಜಿನ ಮೇಲೆ ಹಾಕಿದ ಗೆರೆಗೆ ಬರುವ ತನಕ ಬರೀ ಫಿಲ್ಟರಿನ ಸಿಹಿನೀರು ತುಂಬಬೇಕು. ದಿನಕ್ಕೆ ಎರಡು ಚೊಂಬಿನಷ್ಟು. ಮೊದಲು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಿಡಿದಿಡುತ್ತಿದ್ದೆ. ಗೌರಿ ಹಬ್ಬ ಬಂತು. ಮನೆಯೆಲ್ಲ ಮಡಿ ಮಾಡಿ, ದೇವರ ಪಾತ್ರೆ ಬೆಳಗಿ ಇಟ್ಟಾಗ ಆ ನೀಲಿ ಬಕೆಟ್ಟು ಕಣ್ಣಿಗೆ ಚುಚ್ಚಿತು. ಬಟ್ಟೆ ನೆನೆಸುವ ಥರದ ಬಕೆಟ್ಟಿನಲ್ಲಿ ಆ ಜೀವಗಳಿಗೆ ನೀರು ಕೊಡುವುದೇ ಅನ್ನಿಸಿತು. ನಮ್ಮವರಿಗೆ ನಾನು ಹತ್ತು ವರ್ಷದಿಂದ ತಾಮ್ರದ ಚೊಂಬಿನಲ್ಲಿ ರಾತ್ರಿ ಇಟ್ಟ ನೀರೇ ಬೆಳಿಗ್ಗೆ ಕೊಡುವುದು. ನಮಗೆ ಒಳ್ಳೆಯದು ಅವಕ್ಕೂ ಒಳ್ಳೆಯದೇ ಅಲ್ಲವೆ. ಗೌರಿ ಹಬ್ಬದ ದಿನದಿಂದ ಎರಡು ತಾಮ್ರದ ಚೊಂಬು ತುಂಬಿಟ್ಟು, ಬೆಳಿಗ್ಗೆ ಸ್ನಾನ ಮಾಡಿ ಬಂದು ಸುರಿಯತೊಡಗಿದೆ. ಗಂಗೇ ಚ ಅಂತ ಹೇಳಿಕೊಂಡೇ ಸುರಿದೆ.

ಪಿತೃಪಕ್ಷದಲ್ಲಿ ಒಂದು ದಿನ ಕುಂಬಾರಕೊಪ್ಪಲಿನ ನನ್ನ ಚಿಕ್ಕಮ್ಮನ ಮನೆಗೆ ಹೋಗಬೇಕಾಯಿತು. ಬೀಗದ ಕೈ ಮೇಲೆ ಕೊಟ್ಟು ಹೋದೆ, ಕರೆಂಟು ಹೋದರೆ ಪಂಪು ಹಾಕಲಿ ಅಂತ. ಸಂಜೆ ಬಂದು ನೋಡಿದರೆ ಒಂದು ಸೀಗಡಿ ಅಂಗಾತ ಬಿದ್ದಿದೆ. ಮರುದಿನ ಇನ್ನೊಂದು. ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿಗೆ ಬಿದ್ದವು. ಬೆರಳಾಡಿಸುತ್ತಿದ್ದ ಹವಳ ಕುಗ್ಗಿ, ನೆನೆದ ಬ್ರೆಡ್ಡಿನಂತಾಗಿ, ಅಲೆಗೆ ಚೂರು ಚೂರಾಗಿ ಹೋಯಿತು. ನವರಾತ್ರಿಗೆ ಒಂಬತ್ತು ದಿನ ಇತ್ತು. ಮೇಲೆ ಅಟ್ಟದಿಂದ ಬೊಂಬೆ ಪೆಟ್ಟಿಗೆ ಇಳಿಸುವ ಸದ್ದು ನಮ್ಮ ಹಾಲಿಗೆ ಕೇಳುತ್ತಿತ್ತು.

ಬೀಗದ ಕೈ ಅವರ ಹತ್ತಿರ ಇದ್ದದ್ದು. ಇನ್ನೇನು ಯೋಚನೆ ಬಂದೀತು. ಏನೋ ಸುರಿದಿದ್ದಾರೆ, ಸೋಪಿನ ನೀರೋ ಫಿನಾಯಿಲೋ ಅಂತ ನನಗೆ ಖಾತ್ರಿಯಾಯಿತು. ಬಾಯಿ ಬಿಟ್ಟು ಕೇಳಲಿಲ್ಲ. ಶುಕ್ರವಾರ ದೀಪದ ಮುಂದೆ ಕೂತು ಕೇಳಬೇಕಾದವಳ ಹತ್ತಿರವೇ ಕೇಳಿದೆ. ತಾಯಿ ಚಾಮುಂಡಿ, ನನಗಾದದ್ದು ಅವರಿಗೂ ಆಗಲಿ. ಇದೇ ಥರ, ಇದೇ ರೀತಿ, ಕಣ್ಣೆದುರಿಗೇ ಆಗಲಿ. ಹಾಗೇನಾದರೂ ಆದರೆ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟು ಬರ್ತೀನಿ. ಬೇರೆಯವರು ಮಕ್ಕಳಿಗೆ, ಮದುವೆಗೆ ಹೊರುವ ಹರಕೆ ಅದು. ನಾನು ಇದಕ್ಕೆ ಹೊತ್ತೆ.

ಮಾರನೆಯ ದಿನ ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ರಾಜೀವನಗರಕ್ಕೆ ಹೋದೆ, ಏನು ಸುರಿದಿದ್ದಾರೆ ಅಂತ ತಿಳಿಯೋಣ ಎಂದು. ಸಲೀಂ ಭಾಯಿ ಒಂದೊಂದೇ ಪರೀಕ್ಷೆ ಮಾಡಿದರು. ಎಲ್ಲ ಸರಿಯಿತ್ತು. ಕೊನೆಗೆ ಮೂಲೆಯಿಂದ ಬೇರೊಂದು ಡಬ್ಬಿ ತಂದು ಎರಡು ಹನಿ ಹಾಕಿದರು. ನೀರಿನ ಬಣ್ಣ ತಿರುಗಿತು.

"ಅಮ್ಮಾ, ದಿನಾ ಹಾಕೋ ನೀರು ಯಾವುದರಲ್ಲಿ ತುಂಬಿಡ್ತೀರಿ?"

ಹೇಳಿದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು.

"ತಾಮ್ರ ಮನುಷ್ಯರಿಗೆ ಆಗುತ್ತೆ. ಮೀನಿಗೂ ಸ್ವಲ್ಪ ತಡೆಯುತ್ತೆ, ಅವಕ್ಕೆ ಔಷಧಿ ಅಂತ ನಾವೇ ಹಾಕ್ತೀವಿ. ಸೀಗಡಿ, ಹುಳು, ಹವಳ, ಇವಕ್ಕೆ ವಿಷ. ಫಿಲ್ಟರ್ ನೀರಂತೂ ಪಾತ್ರೆಯಿಂದ ತಾಮ್ರ ಬೇಗ ಎಳ್ಕೊಳ್ಳುತ್ತೆ."

ನಾನು ಕೌಂಟರಿನ ಮೇಲಿದ್ದ ನನ್ನ ಕೈಗಳನ್ನೇ ನೋಡುತ್ತಿದ್ದೆ. "ಹಾಗಾದ್ರೆ ಅವರು ಹೇಳಿದ್ದು ಸರಿ. ನನ್ನ ಕೈಯೇ," ಅಂದೆ. ಯಾರು, ಏನು ಅಂತ ಅವರಿಗೆ ಗೊತ್ತಿಲ್ಲ. ಕೇಳಲೂ ಇಲ್ಲ.

"ಕೈಯಲ್ಲಿ ಏನೂ ಇಲ್ಲಮ್ಮ," ಅಂದರು. "ಚೊಂಬಲ್ಲಿ ಇದ್ದದ್ದು."

ಆ ಮಾತನ್ನು ನನ್ನ ಹತ್ತಿರದವರು ಯಾರೂ ಅಷ್ಟು ವರ್ಷದಲ್ಲಿ ಹೇಳಿರಲಿಲ್ಲ. ಡಾಕ್ಟರೂ ಹೇಳಿರಲಿಲ್ಲ. ನನ್ನ ಪಾಲಿಗೆ ಬಂದ ಕರುಣೆಗಳನ್ನು ಬೆರಳು ಮಡಿಸಿ ಎಣಿಸುವಾಗ ಇವತ್ತಿಗೂ ಅದೇ ಮೊದಲ ಬೆರಳು.

ಬಸ್ಸಿನಲ್ಲಿ ಬರುವಾಗ ಹರಕೆ ನೆನಪಾಯಿತು. ಸರೋಜಕ್ಕ ಏನೂ ಮಾಡಿರಲಿಲ್ಲ. ಇವತ್ತು ಸಂಜೆ ದೀಪ ಹಚ್ಚಿ ಮಾತು ವಾಪಸು ತಗೋಬೇಕು ಅಂದುಕೊಂಡೆ. ಆ ಸಂಜೆ ಕೆಲಸ ಬಿತ್ತು. ಸಲೀಂ ಭಾಯಿ ಹೇಳಿದ ಹಾಗೆ ಅರ್ಧ ನೀರು ತೆಗೆದು ಹೊಸ ನೀರು ಹಾಕಿ, ತಾಮ್ರ ಹೀರಲು ಇದ್ದಿಲಿನ ಚೀಲ ಇಟ್ಟು, ಎರಡು ದಿನ ಬಿಟ್ಟು ಮತ್ತೆ ಅದೇ ಮಾಡಿದೆ. ಇವತ್ತು ನಾಳೆ ಅನ್ನುತ್ತಾ ನವರಾತ್ರಿ ಬಂದೇ ಬಂತು.

ನಾನು ಬಾಗಿಲು ಮುಂದೆ ಮಾಡಿ ಒಳಗಿದ್ದೆ. ನಾಲ್ಕನೆಯ ದಿನ ಸಂಜೆ ಬೊಂಬೆ ನೋಡಿ ಇಳಿದ ಹೆಂಗಸರ ಗುಂಪನ್ನು ಸರೋಜಕ್ಕ ತಾವೇ ಕರೆದುಕೊಂಡು ಬಂದು ಬಾಗಿಲು ತಳ್ಳಿದರು. "ಬನ್ನಿ ಬನ್ನಿ, ಪದ್ದು ಸಮುದ್ರ ನೋಡ್ಕೊಂಡು ಹೋಗಿ." ಬೋಳು ಕಲ್ಲು, ಎರಡು ಮೀನು. ಕಲ್ಲಿನ ಕೆಳಗೆ ಆ ನೇರಳೆ ಅಣಬೆ ಕಾಳಿನಷ್ಟಾಗಿ ಅಂಟಿಕೊಂಡಿತ್ತು, ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಒಬ್ಬರು ಕೇಳಿದರು, "ಹವಳ ಇದೆ ಅಂದ್ರಲ್ಲ?" ಸರೋಜಕ್ಕ ಸೆರಗು ಸರಿಮಾಡಿಕೊಂಡು, "ಇತ್ತಂತೆ. ಪಾಪ, ಅವಳ ಕೈಲಿ..." ಅಂದು ಅಲ್ಲಿಗೆ ನಿಲ್ಲಿಸಿದರು.

ಪೂರ್ತಿ ಹೇಳಿದ್ದರೆ ಬೇಕಾದರೂ ಕ್ಷಮಿಸುತ್ತಿದ್ದೆ. ಆ ರಾತ್ರಿ ಹರಕೆ ಇದ್ದ ಹಾಗೇ ಬಿಟ್ಟೆ. ಮೇಲಕ್ಕೆ ಒಬ್ಬಟ್ಟು ಕಳಿಸುವುದನ್ನೂ ಬಿಟ್ಟೆ.

ದೀಪಾವಳಿಗೆ ಆ ನೇರಳೆ ಅಣಬೆ ಅರಳಿತು. ಎಣ್ಣೆ ನೀರು ಹಾಕಿಕೊಂಡು ಬಂದು ನೋಡಿದೆ, ಒಂದು ರೂಪಾಯಿ ನಾಣ್ಯದಷ್ಟು ಅಗಲವಾಗಿ ಕಣ್ಣು ಬಿಟ್ಟಿತ್ತು. ಆ ಒಂದರಿಂದ ಈಗ ಹನ್ನೊಂದಾಗಿವೆ. ಮುಂದಿನ ದಸರೆಗೆ ನಮ್ಮ ಬಾಗಿಲಲ್ಲಿ ಚಪ್ಪಲಿ ತುಂಬಿತು. ಅದರ ಮುಂದಿನ ವರ್ಷ ಮಹಡಿಗೂ ಒಂದು ತೊಟ್ಟಿ ಬಂತು, ನಮ್ಮದಕ್ಕಿಂತ ಒಂದಡಿ ಉದ್ದ. ಎಲ್ಲ ಜೋಡಿಸಿ ಕೊಡಲು ಸರೋಜಕ್ಕ ಬೇರೆ ಯಾರನ್ನೋ ಗೊತ್ತು ಮಾಡಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆ ಮನುಷ್ಯ ತಿಂಗಳಿಗೊಮ್ಮೆ ಬರುತ್ತಾನೆ. ದಿನದ ನೀರು ತುಂಬುವುದು ಅಕ್ಕನ ಕೆಲಸ. ಹೋದ ತಿಂಗಳು ಭಾವನವರಿಗೆ ಯಾರೋ ಹೇಳಿದರಂತ ಮಹಡಿಗೆ ಹೊಸ ತಾಮ್ರದ ಕೊಳಗ ಬಂತು, ನಲ್ಲಿ ಇರುವಂಥದ್ದು. ಬಟ್ಟೆ ಒಣಹಾಕಲು ತಾರಸಿಗೆ ಹೋಗುವಾಗ ನಾನದನ್ನು ನೋಡಿದ್ದೆ. ಫಿಲ್ಟರಿನ ಪಕ್ಕದಲ್ಲೇ ಇಟ್ಟಿದ್ದರು. ನೋಡಿ, ಬಟ್ಟೆ ಒಣಹಾಕಿ, ಇಳಿದು ಬಂದಿದ್ದೆ. ಅಷ್ಟನ್ನು ಇಲ್ಲಿ ಬರೆಯದಿದ್ದರೆ ಬರೆದದ್ದಕ್ಕೆ ಅರ್ಥವಿಲ್ಲ.

ನಮ್ಮವರು ಹೇಳಿ ಕಾಲು ಗಂಟೆಯಾಗಿರಬಹುದು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಸರೋಜಕ್ಕ ಬಂದು ಹೊಸ್ತಿಲ ಆಚೆಯೇ ನಿಂತರು. ತಲೆ ಬಾಚಿರಲಿಲ್ಲ. ಕಣ್ಣು ಊದಿತ್ತು. ನಮ್ಮ ತೊಟ್ಟಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ನಿನ್ನವು ಚೆನ್ನಾಗಿವೆಯಲ್ಲೇ ಪದ್ದು."

"ದೇವರ ದಯೆ."

"ನಾನೇನು ಕಡಿಮೆ ಮಾಡಿದೀನಿ ಹೇಳು. ಹೊತ್ತು ಹೊತ್ತಿಗೆ ನೀರು, ಊಟ." ಗೋಡೆಗೆ ಒರಗಿದರು. "ನನ್ನ ಕೈಯೇ ಸರಿಯಿಲ್ಲ ಕಣೇ. ನನ್ನ ಕೈಲಿ ಉಳಿಯಲ್ಲ."

ಕುಕ್ಕರ್ ಮೊದಲ ಸೀಟಿ ಹಾಕಿತು. ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

"ಏನಂದ್ರಿ ಅಕ್ಕ? ಈ ಕುಕ್ಕರ್ ಸದ್ದಲ್ಲಿ ಕೇಳಿಸಲಿಲ್ಲ."

ಅವರು ಇನ್ನೊಮ್ಮೆ ಹೇಳಿದರು. ಈ ಸಲ ಮೆಲ್ಲಗೆ. "ನನ್ನ ಕೈಲಿ ಏನೂ ಉಳಿಯಲ್ಲ ಅಂದೆ."

ಎರಡನೆಯ ಸೀಟಿಯ ತನಕ ನಾನು ಅವರನ್ನು ಹಾಗೇ ನಿಲ್ಲಿಸಿದೆ. ಮೂರನೆಯದರ ತನಕವೂ. ಕಾಳು ಹಿಸುಕುತ್ತಲೇ ಇದ್ದೆ. ಆ ಮೂರು ಸೀಟಿಯ ಹೊತ್ತಿನಲ್ಲಿ ಅವರಿಗೆ ಆ ಗೌರಿ ಹಬ್ಬ ನೆನಪಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು. ಒಂದು ಗಳಿಗೆಯಲ್ಲಿ ಕಣ್ಣು ಬೇರೆ ಕಡೆ ತಿರುಗಿಸಿದರು. ಆದ್ದರಿಂದ ನೆನಪಾಗಿದೆ ಅಂತಲೇ ಇಟ್ಟುಕೊಂಡಿದ್ದೇನೆ.

ಇನ್ನೂ ಸುಮ್ಮನಿರಬಹುದಿತ್ತು. ಆದರೆ ಮೇಲೆ ಇನ್ನೂ ಸಾಯದ ಹವಳ ಇತ್ತು, ಅದಕ್ಕೆ ಬಾಯಿ ಇದೆ ಅಂತ ಸಲೀಂ ಭಾಯಿ ಹೇಳಿದ್ದರು. ಅದು ನನಗೆ ಯಾವ ಮಾತೂ ಆಡಿಲ್ಲ.

"ಕೈಯಲ್ಲಿ ಏನೂ ಇಲ್ಲ ಅಕ್ಕ," ಅಂದೆ. "ಕೊಳಗದಲ್ಲಿದೆ. ತಾಮ್ರದ ನೀರು ಹಾಕಬೇಡಿ, ಅವಕ್ಕೆ ವಿಷ ಅದು. ಇವತ್ತೇ ಅರ್ಧ ನೀರು ತೆಗೆದು ಬೇರೆ ಹಾಕಿ. ಇದ್ದಿಲಿನ ಚೀಲ ನನ್ನ ಹತ್ತಿರ ಒಂದಿದೆ, ತಗೊಂಡು ಹೋಗಿ."

ಅವರು ಗೋಡೆ ಬಿಟ್ಟು ನೆಟ್ಟಗೆ ನಿಂತರು. "ನಿನಗೆ ಹೇಗೆ ಗೊತ್ತು?"

"ಅಂಗಡಿಯವರು ಹೇಳಿದ್ರು."

ಅಷ್ಟೇ ಹೇಳಿದೆ. ನಾನೂ ಅದೇ ತಪ್ಪು ಮಾಡಿದ್ದೆ ಅಂದಿದ್ದರೆ ಅವರಿಗೆ ಇನ್ನೂ ಸಮಾಧಾನವಾಗುತ್ತಿತ್ತು. ಅಷ್ಟು ಸಮಾಧಾನ ಕೊಡಲು ನನಗೆ ಮನಸ್ಸಿರಲಿಲ್ಲ, ಈಗಲೂ ಇಲ್ಲ. ಅಕ್ಕ ಚೀಲ ತೆಗೆದುಕೊಂಡು ಮೆಟ್ಟಿಲು ಹತ್ತಿದರು. ಅರ್ಧದಲ್ಲಿ ನಿಂತರು.  ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೋದರು.

ಕ್ಷಮಿಸಿದೆ ಅಂತ ಓದಿದವರು ಯಾರೂ ತಿಳಿಯಬೇಡಿ. ತಾಯಿ ತಾನು ಒಪ್ಪಿಕೊಂಡ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದಾಳೆ, ತಾಮ್ರವನ್ನೂ ಬಿಡದೆ. ಇನ್ನು ಸಾವಿರ ಮೆಟ್ಟಿಲು ನನ್ನ ಪಾಲಿನದು. ಬಲಗಾಲಿನ ಮಂಡಿ ಈಗೀಗ ನೋಯುತ್ತೆ. ಎಡಗಾಲಿನದು ಚೆನ್ನಾಗಿದೆ, ಅಷ್ಟರ ಮಟ್ಟಿಗೆ ಪುಣ್ಯ.

ಕುಕ್ಕರ್ ಇಳಿಸಿದೆ. ನಾಳೆ ಶುಕ್ರವಾರ. ಹುಣಸೆಹಣ್ಣು ನೆನೆಹಾಕಿ ಇಟ್ಟಿದ್ದೆ. ಒಂದು ಚಿಟಿಕೆ ಉಪ್ಪು ಸೇರಿಸಿಕೊಂಡು, ಬಚ್ಚಲ ಪಕ್ಕ ಮಣೆ ಹಾಕಿ, ಈಗ ನಮ್ಮವರ ನೀರಿಗೆ ಮಾತ್ರ ಇಡುವ ತಾಮ್ರದ ಚೊಂಬು ಎರಡನ್ನೂ ಮುಂದಿಟ್ಟುಕೊಂಡು ಬೆಳಗಲು ಕೂತೆ.